ದಿನಕ್ಕೆ ಎರಡೇ ವೈನರಿ ಸಾಕು
ವೈನ್ ಪ್ರವಾಸದ ಬಗೆಗಿನ ನಿಮ್ಮ ಲೇಖನದಲ್ಲಿ ಒಂದೇ ದಿನ ಐದು ವೈನರಿ, ಅಂದರೆ ವೈನ್ ತಯಾರಿಸಿ ರುಚಿ ತೋರಿಸುವ ಜಾಗ, ಸುತ್ತಿ ಅಂತ ಬರೆದಿದ್ದೀರಿ, ಅದೊಂದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ನಾಲಿಗೆ ಜಡ್ಡುಗಟ್ಟಿರುತ್ತದೆ, ರುಚಿ ನೋಡಿದ ವೈನ್ ಉಗುಳುವ ಪಾತ್ರೆ ಪಕ್ಕದಲ್ಲೇ ಇದ್ದರೂ ನಾಚಿಕೆಗೆ ನುಂಗಿಬಿಡುತ್ತೇವೆ ಅಲ್ವಾ! ಎರಡೇ ಸಾಕು. ಉಳಿದ ಹೊತ್ತು ಸುಮ್ನೆ ದ್ರಾಕ್ಷಿ ತೋಟದಲ್ಲಿ ನಡೆಯಿರಿ. ಜರ್ಮನಿಯ ಮೋಸೆಲ್ ಕಣಿವೆಯ ಕಡಿದಾದ ಇಳಿಜಾರಿನಲ್ಲಿ ಕಾಲಡಿ ಸ್ಲೇಟ್ ಕಲ್ಲಿನ ಚೂರುಗಳು ಕರಕರ ಅನ್ನುತ್ತವೆ. ಹಗಲಿಡೀ ಬಿಸಿಲು ಹೀರಿದ ಆ ಕಲ್ಲು ಸಂಜೆಯೂ ಬೆಚ್ಚಗಿರುತ್ತದೆ, ಅಂಥ ಚಳಿ ಸೀಮೆಯಲ್ಲಿ ರೀಸ್ಲಿಂಗ್ ಎಂಬ ದ್ರಾಕ್ಷಿ ತಳಿ ಹಣ್ಣಾಗುವುದಕ್ಕೆ ಅದೂ ಒಂದು ಕಾರಣ. ಆ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಅಲ್ಲಿನದೇ ವೈನ್ ಕುಡಿದಾಗ ಅದರ ಹುಳಿಯೇ ಬೇರೆ ಅನ್ನಿಸಿತು ನನಗೆ. ಸೆಪ್ಟೆಂಬರ್, ಅಕ್ಟೋಬರ್ ಅಲ್ಲಿ ಕೊಯ್ಲಿನ ಕಾಲ, ನೋಡಲು ಚೆಂದ, ಆದರೆ ನಿಂತು ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ನಾನಾದರೆ ಮೇ ತಿಂಗಳಲ್ಲೇ ಹೋಗುತ್ತೇನೆ.