ನಿಮ್ಮದೇ ಕೇಸ್ ಶೀಟ್ ನಿಮಗೇಕೆ?

ಆಸ್ಪತ್ರೆಗಳ ದಾಖಲೆ ವಿಭಾಗದ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ರೋಗಿಯ ಪಿತ್ತಕೋಶದ ಬಗ್ಗೆ ಅರಿವಳಿಕೆ ತಜ್ಞರಿಂದ ಹಿಡಿದು ವಿಮಾ ಕಂಪನಿಯ ಗುಮಾಸ್ತರವರೆಗೆ ಎಲ್ಲರಿಗೂ ಗೊತ್ತಿರುವ ಸಂಗತಿಗಳು ಒಬ್ಬ ಅಪಾಯಕಾರಿ ವ್ಯಕ್ತಿಯ ಕೈಗೆ ಮಾತ್ರ ಸಿಗದಂತೆ ಅವರು ಹಗಲಿರುಳು ಕಾಯುತ್ತಾರೆ. ಆ ವ್ಯಕ್ತಿ ಪಿತ್ತಕೋಶದ ಮಾಲೀಕ.

ಸಂಪೂರ್ಣ ದಾಖಲೆ ಬೇಕೆಂದು ಅರ್ಜಿ ಕೊಟ್ಟವರಿಗೆ ಮೊದಲು ದೊರೆಯುವುದು ಡಿಸ್ಚಾರ್ಜ್ ಸಮ್ಮರಿಯ ಇನ್ನೊಂದು ಪ್ರತಿ. ಅದು ಮನೆಯಲ್ಲಿ ಈಗಾಗಲೇ ಇದೆ ಎಂದರೆ, 'ಎಲ್ಲವೂ ಅದರಲ್ಲೇ ಇದೆಯಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಅರಿವಳಿಕೆಯ ಚಾರ್ಟ್, ಯಾವ ಔಷಧವನ್ನು ಎಷ್ಟು ಗಂಟೆಗೆ ಕೊಟ್ಟರೆಂಬ ವಿವರ, ರಾತ್ರಿ ಪಾಳಿಯ ನರ್ಸ್ ಬರೆದಿಟ್ಟ ಸಾಲುಗಳು, ನೋವಿನ ನಡುವೆ ಓದದೆಯೇ ಸಹಿ ಹಾಕಿದ ಒಪ್ಪಿಗೆ ಪತ್ರಗಳು, ಇವೆಲ್ಲ ಆ ಎರಡು ಪುಟಗಳಲ್ಲಿ ಹೇಗೆ ಅಡಗಿವೆಯೋ ತಿಳಿಯದು. ಅಂದು ಓದಲಾಗದ ಒಪ್ಪಿಗೆ ಪತ್ರವನ್ನು ಗುಣವಾದ ಮೇಲಾದರೂ ಓದಬೇಕೆಂಬ ಆಸೆ ಆಸ್ಪತ್ರೆಯ ದೃಷ್ಟಿಯಲ್ಲಿ ಹೊಸದೊಂದು ಕಾಯಿಲೆಯ ಲಕ್ಷಣವಿದ್ದೀತು.

ಆದರೆ ಅರ್ಜಿ ನಮೂನೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೆಂದರೆ 'ಕಾರಣ' ಎಂಬ ಅಂಕಣ. ಬ್ಯಾಂಕಿನಲ್ಲಿ ನಮ್ಮ ಖಾತೆಯ ವಿವರ ಕೇಳಿದರೆ ಏಕೆಂದು ಯಾರೂ ಪ್ರಶ್ನಿಸುವುದಿಲ್ಲ. ಇಲ್ಲಿ ಮಾತ್ರ ನಮ್ಮ ದೇಹದ ಲೆಕ್ಕವನ್ನು ಕೇಳಲು ತಕ್ಕ ಉದ್ದೇಶ ಬೇಕು. 'ವಿಮೆ' ಎಂದು ಬರೆದರೆ ಗುಮಾಸ್ತರ ಮುಖ ಅರಳುತ್ತದೆ, ಏಕೆಂದರೆ ಅದು ಆಸ್ಪತ್ರೆಗೂ ಹಣ ಬರುವ ದಾರಿ. 'ಇನ್ನೊಬ್ಬ ವೈದ್ಯರ ಅಭಿಪ್ರಾಯ' ಎಂದು ಬರೆದರೆ ಆ ಮುಖ ಬಾಡುತ್ತದೆ. 'ನನಗೆ ತಿಳಿಯಬೇಕಿದೆ' ಎಂದು ಬರೆಯುವ ದುಸ್ಸಾಹಸ ಮಾಡಿದವರ ಅರ್ಜಿ ಕಾನೂನು ವಿಭಾಗದ ಮೇಜಿಗೆ ಹೋಗಿ, ಅಲ್ಲಿ ದೀರ್ಘ ವಿಶ್ರಾಂತಿ ಪಡೆಯುತ್ತದೆ. ಜರ್ಮನಿಯ ದಂತವೈದ್ಯರೊಬ್ಬರು ದಾಖಲೆಯ ನಕಲಿನ ವೆಚ್ಚವನ್ನು ರೋಗಿಯೇ ಕೊಡಬೇಕೆಂದು ಹಟ ಹಿಡಿದ ಪ್ರಕರಣ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. ಮೊದಲ ಪ್ರತಿಯನ್ನು ಉಚಿತವಾಗಿ ಕೊಡಬೇಕು, ರೋಗಿ ಕಾರಣವನ್ನೇ ಹೇಳಬೇಕಿಲ್ಲ ಎಂದು 2023ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಹಲ್ಲಿನ ಕಾಗದಕ್ಕಾಗಿ ಒಂದು ಖಂಡದ ಉನ್ನತ ನ್ಯಾಯಾಧೀಶರು ಕಲಾಪ ನಡೆಸಬೇಕಾಯಿತೆಂಬುದು ನಾಗರಿಕತೆಯ ಪ್ರಗತಿಯೇ ಸರಿ.

ಕಾನೂನಿಗೇನೂ ಕೊರತೆಯಿಲ್ಲ. ಕೆನಡಾದ ಸರ್ವೋಚ್ಚ ನ್ಯಾಯಾಲಯ 1992ರಲ್ಲೇ ಕಡತ ವೈದ್ಯರದ್ದಾದರೂ ಅದರೊಳಗಿನ ಮಾಹಿತಿಯನ್ನು ನೋಡುವ ಹಕ್ಕು ರೋಗಿಗಿದೆ ಎಂದಿತು. ಅಮೆರಿಕದ ನಿಯಮ 30 ದಿನಗಳ ಗಡುವು ಕೊಟ್ಟು, ಲಿಖಿತ ಕಾರಣ ನೀಡಿದರೆ ಇನ್ನೂ 30 ದಿನ ಎಳೆಯಲು ಬಿಡುತ್ತದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಎಲ್ಲರಿಗಿಂತ ಧಾರಾಳಿ: ಕೇಳಿದ 72 ಗಂಟೆಗಳೊಳಗೆ ಕೊಡಬೇಕು. ಅದೇ ನಿಯಮಾವಳಿಯ ಪ್ರಕಾರ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಿದರೆ ಸಾಕು. ಗಂಟೆಗಳ ಲೆಕ್ಕ ಯಾರಿಗೂ ನೆನಪಿರುವುದಿಲ್ಲ, ವರ್ಷಗಳ ಲೆಕ್ಕವನ್ನು ಮಾತ್ರ ಯಾರೂ ಮರೆಯುವುದಿಲ್ಲ.

ಸ್ಕ್ಯಾನ್ ಚಿತ್ರಗಳನ್ನು ಸಿ.ಡಿ.ಯಲ್ಲಿ ಕೊಡುವ ಸಂಪ್ರದಾಯವಿನ್ನೂ ಜೀವಂತವಾಗಿದೆ. ಅದನ್ನು ತೂರಿಸಲು ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಜಾಗವಿಲ್ಲದಿರುವುದು ಆಸ್ಪತ್ರೆಯ ತಪ್ಪಲ್ಲ.

ಇಷ್ಟು ನಗುವುದಕ್ಕೂ ಈಗ ಬೇಸರವಾಗುತ್ತಿದೆ. ಈ ಕಿಟಕಿಯ ಮುಂದೆ ಹೆಚ್ಚಾಗಿ ನಿಲ್ಲುವವರು ಕುತೂಹಲಿಗಳಲ್ಲ. ಮುಂದಿನ ವೈದ್ಯರು ಹಿಂದಿನ ಕೀಮೋಥೆರಪಿಯ ಪ್ರಮಾಣ ಕೇಳಿದ್ದರಿಂದ ಬಂದವರು ಅಲ್ಲಿರುತ್ತಾರೆ. ಯಾವ ಚುಚ್ಚುಮದ್ದಿನಿಂದ ಮೈ ಊದಿಕೊಂಡಿತೆಂದು ತಿಳಿಯದೆ, ಮತ್ತೊಮ್ಮೆ ಅದನ್ನೇ ಕೊಟ್ಟಾರೆಂದು ಹೆದರಿದವರಿರುತ್ತಾರೆ. ಮಗುವಿನ ಕೊನೆಯ ರಾತ್ರಿ ಏನಾಯಿತೆಂದು ತಿಳಿಯಬಯಸುವ ತಾಯಿಯೂ ಇರುತ್ತಾಳೆ. ಅವಳ ಅರ್ಜಿಯನ್ನು ಕೈಗೆತ್ತಿಕೊಂಡು ಕಾರಣದ ಅಂಕಣ ಖಾಲಿ ಇದೆಯೆಂದು ಹಿಂದಿರುಗಿಸುವವರಿಗೆ ಸ್ವಲ್ಪವಾದರೂ ನಾಚಿಕೆಯಾಗಬೇಕು. ನಾಚಿಕೆಯಾಗದಿದ್ದರೆ, ಅಂಥ ಅಂಕಣವನ್ನು ನಮೂನೆಯಲ್ಲಿ ಸೇರಿಸಿದ ಆಡಳಿತ ಮಂಡಳಿ ಅದನ್ನು ಇಂದೇ ಅಳಿಸಿಹಾಕಬೇಕು.