ಮುಯ್ಯಿ ಲೆಕ್ಕ

ಅರಸೀಕೆರೆ ಮಾವನ ಮಗಳ ಲಗ್ನಪತ್ರಿಕೆ ಕೈಗೆ ಬಂದು, ಅದರ ಮೂಲೆಯ ಅರಿಶಿನ ಇನ್ನೂ ಬೆರಳಿಗೆ ಹತ್ತಿರುವಾಗಲೇ ಅಮ್ಮ ತಿಪಟೂರಿನಿಂದ ಫೋನ್ ಮಾಡಿದಳು. "ಅಕ್ಕನ ಮದುವೆಯಲ್ಲಿ ಅವರು ಏನು ಮುಯ್ಯಿ ಮಾಡಿದ್ದರು, ನೋಡಿ ಹೇಳು." ಅಕ್ಕನ ಮದುವೆಯಾದದ್ದು 2006ರಲ್ಲಿ. ಕಡಿಮೆ ಮಾಡಿದರೆ ಅವರು ಆಡಿಕೊಳ್ಳುತ್ತಾರೆ, ಹೆಚ್ಚು ಮಾಡಿದರೆ ನಮ್ಮ ಮನೆಯವರೇ ಆಡಿಕೊಳ್ಳುತ್ತಾರೆ. ಮುಯ್ಯಿಯೂ ಒಂದು ಸಾಲವೇ, ಬಡ್ಡಿಯ ದರವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ನಿನ್ನ ಕಂಪ್ಯೂಟರಿನಲ್ಲಿ ಇದೆಯಲ್ಲ" ಎಂದು ಅಮ್ಮ ಸೇರಿಸಿದಳು. ಹತ್ತೊಂಬತ್ತು ವರ್ಷ ಜೋಪಾನವಾಗಿ ಕಾಯ್ದಿಟ್ಟ ಮೊನಚು ಅದರಲ್ಲಿತ್ತು.

ತಪ್ಪು ನನ್ನದೇ. ಮದುವೆ ಮುಗಿದ ವಾರವೇ, ಮುಯ್ಯಿ ಬರೆದ ಉದ್ದ ಪುಸ್ತಕವನ್ನು ಅಮ್ಮ ಟ್ರಂಕಿನಲ್ಲಿ ಇಡುತ್ತಿದ್ದಾಗ ನಾನು ಅಡ್ಡ ಬಂದಿದ್ದೆ. ಪುಸ್ತಕವನ್ನು ಗೆದ್ದಲು ತಿನ್ನುತ್ತದೆ, ಕಂಪ್ಯೂಟರಿನಲ್ಲಿ ಹಾಕಿದರೆ ಶಾಶ್ವತ ಎಂದು ಉಪದೇಶ ಮಾಡಿ, ಮುನ್ನೂರು ಚಿಲ್ಲರೆ ಹೆಸರುಗಳನ್ನು ನಾಲ್ಕು ರಾತ್ರಿ ಕೂತು ಟೈಪ್ ಮಾಡಿದ್ದೆ. ಮೂರನೆಯ ವರ್ಷ ಟ್ರಂಕಿಗೆ ನಿಜವಾಗಿಯೂ ಗೆದ್ದಲು ಹಿಡಿಯಿತು. ನನ್ನ ಮಾತಿನ ಮೊದಲರ್ಧ ಫಲಿಸಿತು.

ಎರಡನೆಯ ಅರ್ಧ ತಿಪಟೂರಿನ ಮನೆಯ ಅಟ್ಟದ ಮೇಲಿತ್ತು. 2003ರಲ್ಲಿ ಬಿಡಿ ಭಾಗಗಳನ್ನು ಜೋಡಿಸಿ ಕೊಂಡ ಯಂತ್ರ. ಪೆಂಟಿಯಂ 4, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್. ಇದು ನಿಮ್ಮ ಜನ್ಮದಲ್ಲಿ ತುಂಬುವುದಿಲ್ಲ ಎಂದು ಜೋಡಿಸಿದವನು ಹೇಳಿದ್ದ. ಆಗ ಅದಕ್ಕೊಂದು ಕೋಣೆ ಇತ್ತು, ಕೋಣೆಯ ಹೊರಗೆ ಚಪ್ಪಲಿ ಬಿಡಬೇಕಿತ್ತು, ಹಳೆಯ ರೇಷ್ಮೆ ಸೀರೆಯ ತುಂಡಿನಿಂದ ಹೊಲಿದ ಕವಚವಿತ್ತು. ವೈರಸ್ ಬರುವುದು ಧೂಳಿನಿಂದ ಎಂದು ನಂಬಿದ್ದ ಮನೆ ನಮ್ಮದೊಂದೇ ಆಗಿರಲಾರದು. ಕೆಳಗಿಳಿಸಿ ಒರೆಸಿದಾಗ ಡಬ್ಬದ ಹಣೆಯಲ್ಲಿ ಯಾವುದೋ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಒಳಗೆ ಜೇಡರ ಬಲೆ, ಹಲ್ಲಿಯ ಮೊಟ್ಟೆಯ ಸಿಪ್ಪೆ.

ಗುಂಡಿ ಒತ್ತಿದರೆ ಬೀಪ್ ಬೀಪ್ ಎಂದು ಉದ್ದುದ್ದ ಗೋಳಾಡಿತು. ಆ ಗೋಳಿನ ಅರ್ಥ ಅಂದಿನ ಹುಡುಗರಿಗೆಲ್ಲ ಗೊತ್ತು. ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಅಂಚಿನ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಬೇಕು. ಅಕ್ಕನ ಮಗಳ ಜಾಮಿಟ್ರಿ ಪೆಟ್ಟಿಗೆಯಿಂದ ರಬ್ಬರ್ ತೆಗೆದುಕೊಂಡೆ. ಉಜ್ಜಿದಂತೆ ಕಪ್ಪು ಕಪ್ಪು ಎಳೆಗಳು ಉದುರಿ, ಹಲ್ಲುಗಳು ಹಿತ್ತಾಳೆ ದೀಪದಂತೆ ಹೊಳೆದವು. ಊದಿ, ಎರಡೂ ಬದಿಯ ಕೊಕ್ಕೆ ಕಟ್ ಎನ್ನುವ ತನಕ ಒತ್ತಿ ಕೂರಿಸಿದೆ. ಈ ಸಲ ಒಂದೇ ಒಂದು ಪುಟ್ಟ ಬೀಪ್.

ಪರದೆ ಬೆಳಗಿ 2002ರ ಜನವರಿ 1 ಎಂದು ತೋರಿಸಿತು. ಗಡಿಯಾರಕ್ಕೆ ಜೀವ ಕೊಡುವ, ನಾಣ್ಯದಷ್ಟಗಲದ ಬ್ಯಾಟರಿ ಸತ್ತಿದ್ದರಿಂದ ಯಂತ್ರ ತಾನು ಹುಟ್ಟುವುದಕ್ಕೂ ಮೊದಲಿನ ದಿನಕ್ಕೆ ಹೋಗಿ ಕುಳಿತಿತ್ತು. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ತನ್ನ ವಿಂಡೋಸ್ ಎಕ್ಸ್‌ಪಿಗೆ ಎಳ್ಳುನೀರು ಬಿಟ್ಟದ್ದು ಅದಕ್ಕೆ ಗೊತ್ತಿಲ್ಲ, ಪಾಪ. ಎಕ್ಸ್‌ಪಿಯ ಬಣ್ಣದ ಬಾವುಟ ಬಂತು, ಅದರ ಕೆಳಗಿನ ಹಸಿರು ಹುಳು ಮೂರು ಸಲ ತೆವಳಿತು, ಆಮೇಲೆ ಎಲ್ಲವೂ ನೀಲಿ, ವಿಂಡೋಸ್ ಕೈಚೆಲ್ಲಿದಾಗ ಬರುವ ಪರದೆ.

ಬೆಂಗಳೂರಿಗೆ ಡಿಸ್ಕನ್ನು ಮಾತ್ರ ಬನಿಯನ್ ಬಟ್ಟೆಯಲ್ಲಿ ಸುತ್ತಿ ತಂದೆ. ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಅಂಗಡಿಯವರೊಬ್ಬರು ಅದನ್ನು ತಿರುಗಿಸಿ ಕಿವಿಗೆ ಹಿಡಿದು ಕೇಳಿದರು, ವೈದ್ಯರು ಎದೆಗೆ ಕಿವಿ ಕೊಟ್ಟ ಹಾಗೆ. ಒಳಗಿನ ತಟ್ಟೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ, ಓದುವ ಮುಳ್ಳು ಅದನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತದೆ. ಮುಟ್ಟಿತೋ, ಟಕ್ ಟಕ್ ಎಂಬ ಸದ್ದು ಬರುತ್ತದೆ, ಕಥೆ ಮುಗಿಯುತ್ತದೆ. ನಮ್ಮದು ಬರೀ ಗುಂಯ್ ಎನ್ನುತ್ತಿತ್ತು. "ತಟ್ಟೆ ಚೆನ್ನಾಗಿದೆ ಸರ್, ವೈರಸ್ ಅಷ್ಟೇ. ಎಂಟು ಸಾವಿರಕ್ಕೆ ತೆಗೆದುಕೊಡುತ್ತೇವೆ" ಎಂದರು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಅದಕ್ಕಿಂತ ಆ ಎಂಟು ಸಾವಿರವನ್ನೇ ಮುಯ್ಯಿ ಮಾಡಿಬಿಡಬಹುದಲ್ಲೋ" ಎಂದಳು. ತರ್ಕದಲ್ಲಿ ಲೋಪವಿರಲಿಲ್ಲ. ಹಳೆಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಒಂದು ತಂತಿ ಕೊಂಡು ಮನೆಗೆ ಬಂದೆ.

ಹಳೆಯ ಡಿಸ್ಕಿನ ಹಿಂಬದಿಯಲ್ಲಿ ಎರಡು ಸಾಲು ಸೂಜಿಯಂಥ ಪಿನ್ನುಗಳು. ನಾನು ಕಿತ್ತ ರಭಸಕ್ಕೆ ಒಂದು ಮಂಡಿಯೂರಿತ್ತು. ಮೈಕ್ರೋಟಿಪ್ ಪೆನ್ಸಿಲ್ಲಿನ ಸೀಸ ತೆಗೆದು, ಅದರ ಟೊಳ್ಳು ಮೂತಿಯನ್ನು ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು ಮೇಲೆತ್ತಿದೆ. ಮುರಿದಿದ್ದರೆ ಈ ಪ್ರಬಂಧ ಇಲ್ಲಿಗೇ ನಿಲ್ಲುತ್ತಿತ್ತು.

ಇನ್ನು ವೈರಸ್. ಅದು ಬಂದದ್ದು ಧೂಳಿನಿಂದಲ್ಲ, ಮದುವೆಯ ಫೋಟೋ ಹಾಕಿಸಿಕೊಂಡು ಬಂದ ಪೆನ್ ಡ್ರೈವಿನಿಂದ. ಹಳದಿ ಫೋಲ್ಡರಿನ ವೇಷ, "ನ್ಯೂ ಫೋಲ್ಡರ್" ಎಂಬ ಹೆಸರು. ಕಡತದ ಹೆಸರಿನ ಬಾಲವನ್ನು ವಿಂಡೋಸ್ ತಾನಾಗಿಯೇ ಮುಚ್ಚಿಡುತ್ತಿದ್ದುದರಿಂದ, ಅದು ಫೋಲ್ಡರ್ ಅಲ್ಲ, ಇಎಕ್ಸ್ಇ, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಂ, ಎಂಬುದು ಕಾಣುತ್ತಲೇ ಇರಲಿಲ್ಲ. ತೆರೆಯೋಣವೆಂದು ಎರಡು ಸಲ ಒತ್ತಿದರೆ ಅದೇ ಓಡತೊಡಗುತ್ತದೆ. ಅಸಲಿ ಫೋಲ್ಡರುಗಳನ್ನೆಲ್ಲ ಅಡಗಿಸಿ, ಅವುಗಳ ಹೆಸರಿನಲ್ಲಿ ತಾನು ಕೂರುತ್ತದೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಯಾರ ಕಡೆಯವನೆಂದು ಯಾರಿಗೂ ಗೊತ್ತಿಲ್ಲದವನು ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡಂತೆ.

ಹಳೆಯ ಕಾಲದ ವೈರಸ್ಸುಗಳೆಲ್ಲ ಹೀಗೆ ಹೆಸರು ಮರೆಸಿಕೊಂಡು ಬರುತ್ತಿರಲಿಲ್ಲ. ಪಿಸಿಯ ಮೊದಲ ವೈರಸ್ ಎಂದು ಹೆಸರಾದ ಬ್ರೈನ್ 1986ರದು. ಅದನ್ನು ಬರೆದ ಲಾಹೋರಿನ ಅಣ್ಣತಮ್ಮಂದಿರು ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನು ಅದರೊಳಗೇ ಬರೆದಿದ್ದರು. ನಮ್ಮವರು ಮದುವೆಗೆ ಕೊಡುವ ಸ್ಟೀಲ್ ಪಾತ್ರೆಯ ಕಂಠದಲ್ಲಿ ಹೆಸರು, ಊರು, ತಾರೀಖು ಕೆತ್ತಿಸುತ್ತಾರಲ್ಲ, ಹಾಗೆ. ಕೊಟ್ಟವರು ಯಾರೆಂದು ತಿಳಿಯದಿದ್ದರೆ ಕೊಟ್ಟು ಏನು ಪ್ರಯೋಜನ?

ವಿಂಡೋಸಿನ ಬದಲಿಗೆ ಬಳಸುವ ಲಿನಕ್ಸ್ ಎಂಬ ವ್ಯವಸ್ಥೆ ತುಂಬಿದ ಪೆನ್ ಡ್ರೈವಿನಿಂದ ಲ್ಯಾಪ್‌ಟಾಪ್ ಎಬ್ಬಿಸಿ ಡಿಸ್ಕ್ ಜೋಡಿಸಿದೆ. ವಿಂಡೋಸಿನ ವೈರಸ್ಸಿಗೆ ಲಿನಕ್ಸಿನ ಮನೆಯಲ್ಲಿ ಒಲೆ ಹತ್ತುವುದಿಲ್ಲ. ವಿಂಡೋಸ್ ಅಡಗಿಸಿದ್ದನ್ನೂ ಲಿನಕ್ಸ್ ತೋರಿಸಿಬಿಡುತ್ತದೆ. ಹಳದಿ ವೇಷಗಳೆಲ್ಲ ಕಳಚಿ, ಪ್ರತಿಯೊಂದರ ಬೆನ್ನಿಗೂ ಇಎಕ್ಸ್ಇ ಬಾಲ ನೇತಾಡುತ್ತಿತ್ತು. ಅವುಗಳ ಪಕ್ಕದಲ್ಲೇ ಅಸಲಿ ಫೋಲ್ಡರುಗಳು, ಹೆದರಿ ಕೋಣೆ ಸೇರಿದ್ದ ಮಕ್ಕಳಂತೆ ನಿಂತಿದ್ದವು. ವರ ಹುಡುಕುವಾಗ ಮಾಡಿದ್ದ ಅಕ್ಕನ ಬಯೋಡೇಟಾ ಸಿಕ್ಕಿತು. ನಕ್ಷತ್ರ ಸರಿಯಿತ್ತು, ಎತ್ತರಕ್ಕೆ ಮಾತ್ರ ಒಂದೂವರೆ ಇಂಚು ಸೇರಿಸಿದ್ದೆವು. "ಅಕ್ಕ ಮದುವೆ ಮುಯ್ಯಿ" ಎಂಬುದೂ ಇತ್ತು. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಎರಡು ಕಾಗುಣಿತದೋಷಗಳೊಂದಿಗೆ.

ತೆರೆದರೆ ಪುಟದ ತುಂಬ ಬ್ರಿಟಿಷ್ ಪೌಂಡುಗಳು!

ಆಗ ನಾವೆಲ್ಲ ಕನ್ನಡ ಬರೆಯುತ್ತಿದ್ದದ್ದು ಕನ್ನಡ ಗಣಕ ಪರಿಷತ್ತಿನ "ನುಡಿ" ಎಂಬ ತಂತ್ರಾಂಶದಲ್ಲಿ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ಇನ್ನೂ ನಮ್ಮ ಬೀದಿಗೆ ಬಂದಿರಲಿಲ್ಲ. ನುಡಿಯ ಆ ಹಳೆಯ ಕಡತದ ಹೊಟ್ಟೆಯಲ್ಲಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು, ಅವುಗಳಿಗೆ ಕನ್ನಡದ ಮುಖ ತೊಡಿಸುವುದು ಫಾಂಟು. ಫಾಂಟ್ ಇಲ್ಲದಿದ್ದರೆ "ಕ" ಇರುವಲ್ಲಿ ಪಿ ಅಕ್ಷರ, "ನ" ಇರುವಲ್ಲಿ ಪೌಂಡಿನ ಚಿಹ್ನೆ, ಪಕ್ಕದಲ್ಲಿ ತಲೆಯ ಮೇಲೆ ಕಡ್ಡಿ ಹೊತ್ತ ಎ. ನಾಗರಾಜಣ್ಣ, ನಂಜಮ್ಮ, ನರಸಿಂಹಯ್ಯ ಎಲ್ಲರೂ ಪೌಂಡಿನಲ್ಲೇ ಮುಯ್ಯಿ ಮಾಡಿದಂತೆ ಕಂಡಿತು. ನಮ್ಮ ನೆಂಟರು ಆ ಮಟ್ಟಕ್ಕೆ ಎಂದೂ ಏರಿದವರಲ್ಲ. ನುಡಿಯ ಫಾಂಟನ್ನು ಹುಡುಕಿ ಹಾಕಿದೆ. ಪೌಂಡುಗಳು ಕರಗಿ, ಸಾಲು ಸಾಲಾಗಿ ಕನ್ನಡ ಮೂಡಿತು. 51 ರೂಪಾಯಿ, 101 ರೂಪಾಯಿ, ಗೋಡೆ ಗಡಿಯಾರ, ಗೋಡೆ ಗಡಿಯಾರ, ಲೆಮನ್ ಸೆಟ್, 116 ರೂಪಾಯಿ, ಗೋಡೆ ಗಡಿಯಾರ. ಏಳು ಗಡಿಯಾರಗಳ ತನಕ ಎಣಿಸಿ ಬಿಟ್ಟೆ.

ಅಮ್ಮ ಫೋನಿನಲ್ಲಿ ಕಾಯುತ್ತಿದ್ದಳು. ಬೆರಳಿಟ್ಟು ಇಳಿಯುತ್ತಾ ಹೋದೆ. 214ನೆಯ ಸಾಲು: ಅರಸೀಕೆರೆ ಮಾವ. ಮೊತ್ತದ ಕಾಲಮಿನಲ್ಲಿ ನನ್ನದೇ ಟೈಪಿಂಗ್: "ಅಕ್ಷರ ಗೊತ್ತಾಗುತ್ತಿಲ್ಲ. ಅಮ್ಮನನ್ನು ಕೇಳಬೇಕು."

"ಸಿಕ್ಕಿತೇನೋ?" ಎಂದಳು ಅಮ್ಮ.

ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಕುಕ್ಕರಿನ ಸದ್ದು ಮಾತ್ರ ಕೇಳಿಸಿತು.

"ದುಡ್ಡಾಗಿರಲಿಕ್ಕಿಲ್ಲ ಬಿಡು. ಅವರ ಮನೆಯವರು ಮೊದಲಿಂದಲೂ ಪಾತ್ರೆ ಕೊಡುವವರು" ಎಂದಳು. "ಕೊಟ್ಟ ಪಾತ್ರೆಗಳೆಲ್ಲ ಅಟ್ಟದಲ್ಲೇ ಮೂಟೆ ಕಟ್ಟಿಟ್ಟಿದ್ದೇನೆ. ಶನಿವಾರ ಬಾ. ಬರುವಾಗ ಒಂದು ಒಳ್ಳೆಯ ಟಾರ್ಚ್ ತಾ, ಕೆತ್ತಿದ ಹೆಸರು ಸಣ್ಣದಾಗಿರುತ್ತದೆ."