ಸತ್ಯಾಂಶ: ಮುಳ್ಳು ಹಸಿರಿನಲ್ಲಿದ್ದರೆ ಬೆಂಕಿ ನಂದಿಸುವ ಸಿಲಿಂಡರ್ ಸರಿಯಿದೆಯೇ?

‘ಗೇಜಿನ ಮುಳ್ಳು ಹಸಿರಿನಲ್ಲಿದ್ದರೆ ಸಾಕು, ರೀಕಾಲ್ (ದೋಷವಿರುವ ಸರಕನ್ನು ಕಂಪನಿ ಹಿಂದಕ್ಕೆ ಕರೆಯುವುದು) ಎನ್ನುವುದು ಹೊಸದನ್ನು ಮಾರುವ ತಂತ್ರ’ ಎಂಬ ಸಂದೇಶ ಅಮೆರಿಕ, ಕೆನಡಾದ ಕನ್ನಡಿಗರ ಗುಂಪುಗಳಲ್ಲಿ ಓಡಾಡುತ್ತಿದ್ದರೆ ನಂಬಬೇಡಿ. ಮುಳ್ಳು ತೋರಿಸುವುದು ಒಳಗಿನ ಒತ್ತಡವನ್ನು ಮಾತ್ರ. ಹಿಡಿ ಒತ್ತಿದಾಗ ವಾಲ್ವ್ ತೆರೆಯುತ್ತದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

2017ರ ನವೆಂಬರ್‌ನಲ್ಲಿ ಕಿಡ್ಡೆ ಕಂಪನಿ ಅಮೆರಿಕದಲ್ಲೇ ಸುಮಾರು 3.78 ಕೋಟಿ ಸಿಲಿಂಡರ್‌ಗಳನ್ನು ಹಿಂದಕ್ಕೆ ಕರೆಯಿತು. ದೋಷ ಇದ್ದದ್ದು ಪ್ಲಾಸ್ಟಿಕ್ ಹಿಡಿಯ ಮತ್ತು ಒತ್ತುಗುಂಡಿಯ ಮಾದರಿಗಳಲ್ಲಿ: ಒಳಗೆ ಕಟ್ಟಿಕೊಂಡು ಪುಡಿ ಹೊರಬರದೇ ಹೋಗಬಹುದು, ನಾಜಲ್ ರಭಸದಿಂದ ಕಳಚಿ ಹಾರಬಹುದು. ಬದಲಿ ಸಿಲಿಂಡರ್ ಉಚಿತ; ಇದರಲ್ಲಿ ಮಾರಾಟದ ತಂತ್ರ ಎಲ್ಲಿಂದ ಬಂತು?

ನಿಮ್ಮದು ಕಿಡ್ಡೆ ಸಿಲಿಂಡರ್ ಆಗಿದ್ದರೆ ಮೊದಲು ಹಿಡಿ ನೋಡಿ. ಅದು ಪ್ಲಾಸ್ಟಿಕ್ ಆಗಿದ್ದರೆ, ಇಲ್ಲವೇ ಸಿಲಿಂಡರ್ ಒತ್ತುಗುಂಡಿಯದಾಗಿದ್ದರೆ, ಲೇಬಲ್ಲಿನ ಮಾದರಿ ಸಂಖ್ಯೆಯನ್ನು ರೀಕಾಲ್ ಪಟ್ಟಿಯೊಂದಿಗೆ ತಾಳೆ ಹಾಕಿ. 2007ರಿಂದೀಚಿನವುಗಳ ತಳದ ಬಳಿ ಹತ್ತು ಅಂಕಿಗಳ ಕೋಡ್ ಇರುತ್ತದೆ. ಅದರ 5ರಿಂದ 9ನೇ ಅಂಕಿಗಳೇ ತಯಾರಿಕೆಯ ದಿನ, ವರ್ಷ: 04516 ಎಂದರೆ 2016ರ 45ನೇ ದಿನ, ಫೆಬ್ರುವರಿ 14. ಪಟ್ಟಿಯಲ್ಲಿರುವ ಪ್ಲಾಸ್ಟಿಕ್ ಹಿಡಿಯ ಮಾದರಿಗಳಲ್ಲಿ 22717ರವರೆಗೆ, ಅಂದರೆ 2017ರ ಆಗಸ್ಟ್ 15ರವರೆಗೆ ತಯಾರಾದವು ರೀಕಾಲ್‌ಗೆ ಸೇರಿವೆ. ಇನ್ನೂ ಹಳೆಯವುಗಳಲ್ಲಿ ಈ ಕೋಡ್ ಇಲ್ಲ; ಕೋಡ್ ಕಾಣದ ಮಾತ್ರಕ್ಕೆ ಬಚಾವ್ ಎಂದುಕೊಳ್ಳಬೇಡಿ.

ಪರೀಕ್ಷೆಗೆಂದು ಒಂದು ಸಲ ‘ಪುಸ್’ ಎನಿಸಿ ನೋಡುವುದಂತೂ ಬೇಡವೇ ಬೇಡ. ವಾಲ್ವ್ ಮುಚ್ಚಿಕೊಳ್ಳುವ ಜಾಗದಲ್ಲಿ ಪುಡಿ ಸಿಕ್ಕಿಕೊಂಡು ಒತ್ತಡ ಮೆಲ್ಲಗೆ ಸೋರಿಹೋಗುತ್ತದೆ; ಸರಿಯಿದ್ದದ್ದೂ ಕೆಡುತ್ತದೆ.